ತಗೊಳ್ಳದೇ ಬಿಟ್ಟಿದ್ದರ ಬೆಲೆ

ಮಾರ್ಚ್ ೩, ಸೋಮವಾರ

ಈ ಪುಸ್ತಕ ಆಫೀಸಿಂದು. ಕೇಳದೇ ಎತ್ಕೊಂಡು ಬಂದಿದೀನಿ. ಮನೆಮನೆ ಸುತ್ತಿ ಬೆಲೆ ಬರ್ಕೊಳ್ಳೋ ಕೆಲಸ ಸಿಕ್ಕಿದೆಯಲ್ಲ, ದಿನವಿಡೀ ನಗ್ತಾ ಮಾತಾಡ್ಬೇಕಂತೆ. ನಗ್ತೀನಿ. ಬೈಯೋದನ್ನೆಲ್ಲ ಇಲ್ಲಿ ಬೈತೀನಿ. ಯಾರಾದ್ರೂ ತೆಗೆದು ಓದಿದ್ರೆ ಕೈ ಮುರೀತೀನಿ. ಅಮ್ಮ, ನಿನಗೂ ಸೇರ್ಸೇ ಹೇಳ್ತಿರೋದು.

ಒಂಬತ್ತನೇ ಕ್ಲಾಸಲ್ಲಿ ಲೆಕ್ಕಕ್ಕೆ ಸೊನ್ನೆ ತಗೊಂಡು, ಉತ್ತರ ಪತ್ರಿಕೆ ಮೇಷ್ಟ್ರ ಮುಂದೇನೇ ಹರಿದು ಹಾಕಿ ಬಂದೋಳು ನಾನು. ಈಗ ನೋಡು, ಲೆಕ್ಕದ್ದೇ ಆಫೀಸು. ಅಲ್ಲಿನ ದೊಡ್ಡೋಳನ್ನ ಎಲ್ಲರೂ ಲೆಕ್ಕದ ಮೇಡಂ ಅಂತಾರೆ. ಬಿಳಿ ಕೂದಲು, ಗಂಡಸರ ಗಡಿಯಾರ. ಇಂಟರ್ವ್ಯೂನಲ್ಲಿ ಒಂದೇ ಪ್ರಶ್ನೆ ಕೇಳಿದ್ದು. "ಬೆಲೆ ಏರಿಕೆ ಶೇಕಡಾ ಇಷ್ಟು ಅಂತ ಪೇಪರಲ್ಲಿ ಬರುತ್ತಲ್ಲ, ಅದು ಯಾರ ಮನೇದು?"

ನಮ್ಮನೇದಂತೂ ಅಲ್ಲ ಅಂದೆ. ಪಕ್ಕದಲ್ಲಿದ್ದವರು ನಕ್ಕರು. ಮೇಡಂ ನಗಲಿಲ್ಲ. ನಾಳೆಯಿಂದ ಬಾ ಅಂದ್ರು.

ಕೆಲಸ ಏನಂದ್ರೆ, ಊರಿನ ಮನೆಗಳನ್ನ ಮೂರು ಗುಂಪು ಮಾಡಿದಾರೆ. ತಿಂಗಳಿಗೆ ಜಾಸ್ತಿ ಖರ್ಚು ಮಾಡೋರು ಮೇಲು, ಸುಮಾರಾಗಿ ಮಾಡೋರು ನಡು, ಕೈ ಹಿಡಿದು ಮಾಡೋರು ಕೆಳಗು. ಒಂದೊಂದು ಮನೆಗೂ ಒಂದು ಕಾರ್ಡು. ಹಾಲು, ಎಣ್ಣೆ, ಬಾಡಿಗೆ, ಬಸ್ಸು, ಔಷಧಿ, ಏನೇನೋ. ತಿಂಗಳು ತಿಂಗಳೂ ಅದೇ ಮನೆಗೆ ಹೋಗಿ ಏನಕ್ಕೆ ಎಷ್ಟು ಕೊಟ್ರಿ ಅಂತ ಕೇಳಿ ಬರ್ಕೊಬೇಕು. ಆಮೇಲೆ ಯಾವ ಗುಂಪಿಗೆ ಬೆಲೆ ಎಷ್ಟು ಏರ್ತು ಅಂತ ಬೇರೆ ಬೇರೆ ಲೆಕ್ಕ ಹಾಕ್ತಾರೆ. ಎಲ್ಲರಿಗೂ ಒಂದೇ ನಂಬರ್ ಕೊಡೋದು ಮೋಸ ಅಂತಾರೆ ಮೇಡಂ. ಇದನ್ನ ಹೇಳಕ್ಕೆ ಅಷ್ಟೊಂದು ಓದ್ಬೇಕಿತ್ತಾ?

ಆದ್ರೆ ಒಂದು ವಿಷಯ ಕೇಳಿ ಕಿವಿ ನೆಟ್ಟಗಾಯ್ತು. ಅಮ್ಮ ಕೆಲಸ ಮಾಡೋ ಲಾಂಡ್ರಿ ಇದೆಯಲ್ಲ, ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯೋದು, ಅವರೂ ಯೂನಿಯನ್ನೂ ಒಪ್ಪಂದ ಮಾಡ್ಕೊಂಡಿದಾರಂತೆ. ಕೆಳಗಿನ ಮನೆಗಳಿಗೆ ಬೆಲೆ ಎಷ್ಟು ಏರಿದೆ ಅಂತ ಮೇಡಂ ಹೇಳ್ತಾರೋ, ಜುಲೈಯಿಂದ ಸಂಬಳನೂ ಅಷ್ಟೇ ಏರುತ್ತೆ. ಅಂದ್ರೆ ನಾನು ಬರೆಯೋದು ತಿರುಗಿ ಅಮ್ಮನ ಕೈಗೇ ಬರುತ್ತೆ. ಮನೆಗೆ ಬಂದು ಹೇಳಿದೆ. ಅಮ್ಮ ಒದ್ದೆ ಕೈ ಒರೆಸ್ಕೊಂಡು, ಹಾಗಾದ್ರೆ ನೆಟ್ಟಗೆ ಬರಿ ತಾಯಿ, ನಿನ್ನ ಅಕ್ಷರ ನಾಯಿ ಓಡಾಡಿದ ಹಾಗಿರುತ್ತೆ ಅಂದ್ಲು.

ನನಗೆ ಶೂ ತಂದಿದಾಳೆ. ಸುತ್ತೋ ಕೆಲಸ ಅಂತ. ಬಣ್ಣ ನೋಡ್ಬೇಕು, ಕೊಳೆತ ಬಾಳೆಹಣ್ಣು. ಹಾಕ್ಕೊಳಲ್ಲ ಅಂದೆ. ಹಾಕ್ಕೊಂಡೆ.

ಮಾರ್ಚ್ ೫, ಬುಧವಾರ

ಇವತ್ತು ಮೊದಲ್ನೇ ಸಲ ಮೇಲಿನ ಮನೆ. ಹಾಲ್‌ನಲ್ಲಿ ಪಿಯಾನೋ ಇದೆ, ಯಾರೂ ನುಡಿಸಲ್ಲ, ಮೇಲೆ ನಾಯಿಯ ಫೋಟೋ ಇಟ್ಟಿದಾರೆ. ಮನೆಯಾಕೆ ಒಳ್ಳೆಯೋಳೇ, ಕುರ್ಚಿ ಕೊಟ್ಲು, ಜ್ಯೂಸ್ ಕೊಟ್ಲು. ಆಮೇಲೆ ಬೆಲೆ ಹೇಳಕ್ಕೆ ಶುರು ಮಾಡಿದ್ಲು. ನಾಯಿ ಶಾಂಪೂ ಬೆಲೆ ಕೇಳಿ ಪೆನ್ನು ಹಾಗೇ ನಿಂತೋಯ್ತು. ನಮ್ಮನೆ ಒಂದು ತಿಂಗಳ ಹಾಲಿನ ದುಡ್ಡಿಗೆ ನಾಯಿ ತಲೆ ತೊಳೀತಾರೆ. ಇನ್ನೊಂದ್ಸಲ ಹೇಳಿ ಅಂದೆ. ಅದನ್ನೇ ಹೇಳಿದ್ಲು.

ಅದು ಬಿಡು. ಉರಿದಿದ್ದು ಎಣ್ಣೆಗೆ. ಅವರು ದೊಡ್ಡ ಡಬ್ಬ ತರ್ತಾರೆ, ಕಾರಲ್ಲಿ ಹೋಗಿ. ಲೀಟರಿಗೆ ಹಾಕಿದ್ರೆ ನಾವು ಕೊಡೋದಕ್ಕಿಂತ ಕಮ್ಮಿ. ನಾವು ಅಂಗೈಯಷ್ಟು ಪ್ಯಾಕೆಟ್ ತರೋದು, ಹೆಚ್ಚು ಕೊಟ್ಟು. ದುಡ್ಡಿರೋರಿಗೆ ಅಗ್ಗ, ಇಲ್ಲದೋರಿಗೆ ದುಬಾರಿ. ಅಲ್ಲೇ ಎದ್ದು ಕಿರುಚ್ಬೇಕು ಅನ್ನಿಸ್ತು. ನಕ್ಕೆ. ಸಂಬಳ ಕೊಡೋದೇ ನಗಕ್ಕೆ.

ಆಕೆಗೂ ಬಿಪಿ. ಅಮ್ಮ ನುಂಗೋದೇ ಮಾತ್ರೆ, ಅದೇ ನೀಲಿ ಹಾಳೆ. ಮಾತ್ರೆಯಲ್ಲಾದ್ರೂ ಸಮಾನತೆ ಇದೆ ಅಂದ್ಕೊಂಡೆ.

ಮಾರ್ಚ್ ೧೪, ಶುಕ್ರವಾರ

ಕೆಳಗಿನ ಮನೆಗಳು ಮುಗಿದ್ವು. ಒಂದು ಮನೆಯವರು ಬೀಗ ಹಾಕಿ ಊರು ಬಿಟ್ಟಿದಾರೆ. ಬದಲಿಗೆ ಅದೇ ಓಣಿಯ ಇನ್ನೊಂದು ಮನೆ ಹಿಡೀಬೇಕು. ನಮ್ಮ ಮನೇನೂ ಅದೇ ಓಣಿ, ನಾವೂ ಕೆಳಗೇ. ನಮ್ಮನೇನೇ ಹಾಕ್ದೆ. ಒಂದು ಬಾಗಿಲು ಬಡಿಯೋದು ಉಳೀತು. ಕಾಲಲ್ಲಿ ಬೊಬ್ಬೆ ಬಂದಿದೆ, ಯಾರಿಗೆ ಹೇಳ್ಲಿ?

ನಮ್ಮ ಕಾರ್ಡು ಮಂಚದ ಮೇಲೆ ಕೂತೇ ತುಂಬಿಸಿದೆ. ಅಮ್ಮನ ಹಳೇ ಚೀಟಿ ಡಬ್ಬಿಯಲ್ಲಿತ್ತು, ಅದನ್ನೇ ನೋಡಿ ಬರೆದೆ. ನನ್ನ ಮನೆ ಬಗ್ಗೆ ನಾನು ಯಾರನ್ನ ಕೇಳ್ಬೇಕು?

ಏಪ್ರಿಲ್ ೨, ಬುಧವಾರ

ಎರಡನೇ ಸುತ್ತು. ಪಿಯಾನೋ ಮನೆಯಾಕೆ ಇವತ್ತು ಗೋಳೋ ಗೋಳು. ಬಿಪಿ ಮಾತ್ರೆ ಒಂದೇ ಸಲಕ್ಕೆ ಒಂದೂವರೆಪಟ್ಟು ಆಗಿದೆಯಂತೆ, ಮನುಷ್ಯರು ಬದುಕೋದು ಹೇಗೆ ಅಂತಾಳೆ. ನಾಯಿಗೆ ತಣ್ಣೀರಲ್ಲಿ ಸ್ನಾನ ಮಾಡ್ಸಿ ಬದುಕಿ ಅಂತ ನಾಲಿಗೆ ತುದಿಗೆ ಬಂತು. ಬರ್ಕೊಂಡೆ. ಕಾರ್ಡಲ್ಲಿ ಅವಳದ್ದು ಏರ್ತಾನೇ ಹೋಯ್ತು. ಫೀಸು, ಪೆಟ್ರೋಲು, ಮಾತ್ರೆ, ವಿಮಾನ. ಎಲ್ಲಾನೂ ಕೊಳ್ತಾಳೆ, ಎಲ್ಲಾನೂ ಬೈತಾಳೆ.

ಕೆಳಗಿನ ಗುಂಪಿನ ದರ್ಜಿ ಅಕ್ಕನ ಮನೆ ಹಾಗಲ್ಲ. ಒಂದೇ ಕೋಣೆ, ಕಿಟಕಿ ಹತ್ರ ಹೊಲಿಗೆ ಮಷಿನ್, ಮಷಿನ್ ಕೆಳಗೆ ಮಗು. ಹಾಲು ಎಷ್ಟಕ್ಕೆ ತಂದೆ ಅಕ್ಕ ಅಂದೆ. ತಂದಿಲ್ಲ ಅಂದ್ಲು, ಮಗು ದೊಡ್ಡದಾಯ್ತಲ್ಲ, ಹಾಲೇನಕ್ಕೆ. ಮಗುವಿಗೆ ಇನ್ನೂ ಮಾತೇ ಸರಿಯಾಗಿ ಬರಲ್ಲ. ಹಣ್ಣು? ತಂದಿಲ್ಲ. ಕೆಮ್ಮಿನ ಔಷಧಿ? ತಾನೇ ಹೋಯ್ತು ಕೆಮ್ಮು. ನಾನು ಕೂತು ವಾದ ಮಾಡಿದೆ, ಏನಾದ್ರೂ ತಗೊಂಡಿರ್ತೀಯ ನೆನಪು ಮಾಡ್ಕೋ ಅಂತ. ಏನೋ ಒಂದು ಬರ್ಕೊಂಡು ಹೋಗೇ, ಕಿಟಕಿಯಲ್ಲಿ ಬೆಳಕು ಹೋಗ್ತಿದೆ, ಗುಂಡಿ ಹೊಲೀಬೇಕು ಅಂದ್ಲು.

ಆಫೀಸಲ್ಲಿ ಕಾರ್ಡನ್ನ ಕಂಪ್ಯೂಟರ್‌ಗೆ ಹಾಕ್ಬೇಕು. ಬೆಲೆ ಜಾಗ ಖಾಲಿ ಬಿಟ್ರೆ ಕೆಂಪು ಬರುತ್ತೆ, ಮುಂದಕ್ಕೆ ಬಿಡಲ್ಲ. ಕಂಪ್ಯೂಟರ್ ನೋಡ್ಕೊಳೋನು ಚಶ್ಮಾ. ಕಣ್ಣಿಗಿಂತ ಕನ್ನಡಕ ದಪ್ಪ. ಅವನು ಹೇಳ್ಕೊಟ್ಟ. ಖಾಲಿ ಬಂದ ಕಡೆ "ಅದೇ" ಅಂತ ಹೊಡಿ, ಹೋದ ತಿಂಗಳ ಬೆಲೆ ತಾನೇ ಕೂತ್ಕೊಳುತ್ತೆ, ಹಸಿರಾಗುತ್ತೆ. ಎಲ್ಲರೂ ಹಾಗೇ ಮಾಡೋದು. ಹೊಡೆದೆ. ಅದೇ, ಅದೇ, ಅದೇ. ದರ್ಜಿ ಅಕ್ಕನ ಕಾರ್ಡು ಹುಲ್ಲುಗಾವಲಿನ ಹಾಗೆ ಹಸಿರಾಯ್ತು. ಚಶ್ಮಾ ನನಗೆ ಮೆಣಸಿನಕಾಯಿ ಅಂತ ಹೆಸರಿಟ್ಟಿದಾನೆ. ಹಸಿರೋ ಕೆಂಪೋ ಅಂದೆ. ಸುಟ್ಟಿದ್ದು ಅಂದ.

ನಮ್ಮನೆ ಕಾರ್ಡು ಕಣ್ಣು ಮಿಟುಕಿಸೋದ್ರಲ್ಲಿ ಮುಗೀತು. ಎಲ್ಲ ಅದೇ.

ಅಮ್ಮನಿಗೆ ತಲೆನೋವಂತೆ, ಹಣೆಗೆ ಬಟ್ಟೆ ಬಿಗಿದು ಕೂತಿದ್ಲು. ಮಾತ್ರೆ ತಗೋ ಅಂತ ಕೂಗಿದೆ. ತಗೊಂಡೆ ಕಣೇ ಅಂದ್ಲು. ಊಟಕ್ಕೆ ಮೊಟ್ಟೆ ಒಂದೇ ಇತ್ತು. "ನಾನು ಅಲ್ಲೇ ತಿಂದೆ, ಲಾಂಡ್ರಿಯಲ್ಲಿ ಕೊಟ್ರು" ಅಂದ್ಲು ಅಮ್ಮ. ಒಳ್ಳೇದಾಯ್ತು. ತಿಂದೆ.

ಏಪ್ರಿಲ್ ೧೭, ಗುರುವಾರ

ಬರೆಯಕ್ಕೇನಿಲ್ಲ. ನಾಯಿ ಅಟ್ಟಿಸ್ಕೊಂಡು ಬಂತು. ಆ ಶಾಂಪೂ ನಾಯಿ ಅಲ್ಲ, ಬೀದಿದು.

ಮೇ ೬, ಮಂಗಳವಾರ

ಮೂರನೇ ಸುತ್ತೂ ಆಯ್ತು. ಈಗ ನಾನೇ ಎಲ್ಲರಿಗಿಂತ ಬೇಗ ಮುಗಿಸೋಳು. ಮೇಡಂ ಎಲ್ಲರ ಮುಂದೆ ಹೇಳಿದ್ರು, ಈ ಹುಡುಗಿ ಕಾರ್ಡಲ್ಲಿ ಒಂದೂ ಕೆಂಪು ಇಲ್ಲ ಅಂತ. ಶಾಲೆಯಲ್ಲಿ ಯಾರೂ ಹಾಗಂದಿರ್ಲಿಲ್ಲ. ಮುಖ ಗಂಟು ಹಾಕ್ಕೊಂಡೇ ಕೂತಿದ್ದೆ, ಆದ್ರೆ ಬಸ್ಸಲ್ಲಿ ನಗು ಬರ್ತಾನೇ ಇತ್ತು.

ಅಮ್ಮನಿಗೆ ಏನಾಗಿದೆಯೋ. ಬೆಳಿಗ್ಗೆ ಚಹಾಗೆ ಉಪ್ಪು ಹಾಕಿದ್ಲು. ಲೋಟ ಕೈ ಜಾರಿ ಬಿತ್ತು. ಎಡಗೈ ಜೋಮು ಹಿಡಿದಿದೆಯಂತೆ. ಒದ್ದೆ ಬಟ್ಟೆ ಎತ್ತಿ ಎತ್ತಿ ಹಾಗಾಗುತ್ತೆ ಅಂತ ಅವಳೇ ಅಂದ್ಲು. ಮಾತೂ ಎಳೀತಿದ್ಲು, ನಿದ್ದೆಗಣ್ಣಲ್ಲಿ ಮಾತಾಡೋರ ಹಾಗೆ. ನಾನು ಅಣಕಿಸಿದೆ. ನಕ್ಲು.

ಜೂನ್ ೩, ಮಂಗಳವಾರ

ಲೆಕ್ಕ ಬಂತು.

ಮೇಲಿನ ಮನೆಗಳಿಗೆ ಬೆಲೆ ಏರಿದ್ದು ಶೇಕಡಾ ಏಳು. ನಡುವಿನವರಿಗೆ ಐದು. ಕೆಳಗಿನ ಮನೆಗಳಿಗೆ ಎರಡು.

ಬೋರ್ಡ್ ಮೇಲೆ ಮೇಡಂ ಬರೆದ್ರು. ಸೀಮೆಸುಣ್ಣ ಹಿಡ್ಕೊಂಡು ಆ ಎರಡನ್ನೇ ನೋಡ್ತಾ ನಿಂತಿದ್ರು. ನಾನು ಅಂದ್ಕೊಂಡಿದ್ದು ತಲೆಕೆಳಗಾಯ್ತು ಅಂದ್ರು. ಮತ್ತೆ ಮತ್ತೆ ಲೆಕ್ಕ ಹಾಕ್ಸಿದ್ರಂತೆ, ಅಷ್ಟೇ ಬರ್ತಿದೆಯಂತೆ. ಪೇಪರಿಗೂ ಲಾಂಡ್ರಿಗೂ ಕಳ್ಸಿ ಆಯ್ತು. ಸಂಜೆ ಪೇಪರಲ್ಲಿ ದಪ್ಪಕ್ಷರದಲ್ಲಿ ಬಂತು. ಕಮ್ಮಿ ಖರ್ಚಿನ ಮನೆಗಳಿಗೆ ಬಿಸಿ ತಾಗಿಲ್ಲ, ಜಾಣತನದಿಂದ ಸಂಭಾಳಿಸಿದಾರೆ ಅಂತ.

ಎರಡು. ಯಾವ ಬೀದಿಯಲ್ಲಿ ಎರಡು? ಎಣ್ಣೆ ಎರಡಾ? ಬಾಡಿಗೆ ಎರಡಾ? ತಲೆ ಗಿರ್ರ್ ಅಂತಿದೆ.

ಅಮ್ಮನಿಗೆ ಹೇಳಿದೆ. ಮಂಚದ ತುದೀಲಿ ಕೂತು ಎಡಗೈನ ಬಲಗೈಲಿ ತಿಕ್ಕೊಳ್ತಿದ್ಲು.

"ಎರಡಾ?" ಅಂದ್ಲು.

ತಿಕ್ಕೋದು ನಿಲ್ಲಿಸಿ, "ನೀನೇ ಅಲ್ವೇನೇ ಬರೆದಿದ್ದು?"

ನನಗೆ ನೆತ್ತಿಗೇರ್ತು. ನಾನು ಬರೆದ್ರೆ? ನಾನೇನು ದೇವರಾ, ಬೆಲೆ ಇಳಿಸಕ್ಕೆ ಏರಿಸಕ್ಕೆ? ಜನ ಹೇಳಿದ್ದು ಬರೆದೆ ಅಂತ ಕೂಗಾಡಿದೆ. ಬಾಗಿಲು ಎಳ್ಕೊಂಡು ಆಚೆ ಹೋದೆ. ವಾಪಸ್ ಬರೋಷ್ಟ್ರಲ್ಲಿ ಮಲಗಿದ್ಲು. ಮೇಜಿನ ಮೇಲೆ ನನ್ನ ತಟ್ಟೆ ಮುಚ್ಚಿಟ್ಟಿತ್ತು.

ಜೂನ್ ೪, ಬುಧವಾರ

ಅಮ್ಮ ಲಾಂಡ್ರಿಯಲ್ಲಿ ಬಿದ್ಲು.

ಜೂನ್ ೫, ಗುರುವಾರ

ಆಸ್ಪತ್ರೆ. ಅಮ್ಮ ಮಲಗಿರೋ ಹಾಸಿಗೆ ಬಟ್ಟೆ ಅವಳ ಲಾಂಡ್ರೀದೇ, ಮೂಲೇಲಿ ಅವರ ಗುರುತು ಇದೆ. ಅವಳೇ ಒಗೆದಿದ್ದಿರ್ಬೇಕು. ಎಡಗಡೆ ಬಾಯಿ ಕೆಳಗೆ ಜಾರಿದೆ. ಎಡಗೈ ಎತ್ತಿ ಬಿಟ್ರೆ ಬೇರೆ ಯಾರದ್ದೋ ಕೈ ಹಾಗೆ ಬೀಳುತ್ತೆ.

ಡಾಕ್ಟರು ನಿಂತ್ಕೊಂಡೇ ಮಾತಾಡ್ತಾಳೆ, ನಿದ್ದೆ ಇಲ್ಲದ ಕಣ್ಣು. ಬಿಪಿ ಹುಚ್ಚಾಪಟ್ಟೆ ಏರಿ ತಲೆಯಲ್ಲಿ ರಕ್ತ ನಿಂತಿದೆ ಅಂದ್ಲು. ಮಾತ್ರೆ ಯಾವಾಗ ಬಿಟ್ರು ಅಂತ ಕೇಳಿದ್ಲು. ಬಿಟ್ಟಿಲ್ಲ ಅಂದೆ. ದಿನಾ ತಗೋತಾಳೆ. ನನಗೆ ಗೊತ್ತು, ನಾನೇ ಬರೆದಿದೀನಿ. ಏನು ಬರೆದಿದೀಯ ಅಂದ್ಲು.

ಓಣಿ ತುದಿಯ ಔಷಧಿ ಅಂಗಡಿಗೆ ಓಡಿದೆ. ಅಂಗಡಿಯವನು ನಾನು ಹುಟ್ಟಿದಾಗಿಂದ ಅಲ್ಲೇ ಕೂತಿರೋನು. ಅಮ್ಮ ಕೊನೇ ಸಲ ಯಾವಾಗ ಹಾಳೆ ತಗೊಂಡ್ಲು ಅಂದೆ. ಅವನು ನನ್ನ ಮುಖ ನೋಡಿದ, ಗೊತ್ತಿಲ್ವಾ ಅನ್ನೋ ಹಾಗೆ.

"ಬೆಲೆ ಏರಿದಾಗ ಬಂದಿದ್ಲಮ್ಮ, ಮಾರ್ಚ್ ಶುರುವಲ್ಲಿ. ಹಾಳೆ ಕೈಯಲ್ಲಿ ಹಿಡ್ಕೊಂಡು ಬೆಲೆ ನೋಡಿದ್ಲು. ಮುಂದಿನ ತಿಂಗಳು ತಗೋತೀನಿ, ಮಗಳು ಕೆಲಸಕ್ಕೆ ಸೇರ್ತಿದಾಳೆ, ಮೊದಲು ಅವಳಿಗೆ ಶೂ ಆಗ್ಲಿ ಅಂದು ಇಟ್ಟು ಹೋದ್ಲು. ಆಮೇಲೆ ಈ ಕಡೆ ಬಂದಿಲ್ಲ."

ವಾಪಸ್ ಬಂದು ಅಮ್ಮನ ಪಕ್ಕ ಕೂತೆ. ಶೂ ಬಿಚ್ಚಿ ಮಂಚದ ಕೆಳಗೆ ತಳ್ಳಿದೆ, ಕಾಣದ ಹಾಗೆ. ನೆಲ ಐಸ್ ಹಾಗಿತ್ತು.

ಮಾತ್ರೆ ಮುಂದೆ ಅದೇ ಅಂತ ಬರೆದಿದ್ದೆ. ಏಪ್ರಿಲಲ್ಲಿ. ಮೇನಲ್ಲಿ. ಆ ಪಿಯಾನೋ ಮನೇಲಿ ಒಂದೂವರೆಪಟ್ಟು ಅಂತ ಬರೆದ ಪೆನ್ನಲ್ಲೇ ಬರೆದೆ. ಒಂದೇ ದಿನ. ಒಂದೇ ಮಾತ್ರೆ. ನೀಲಿ ಹಾಳೆ.

ಜೂನ್ ೯, ಸೋಮವಾರ

ಆಫೀಸಿಗೆ ಹೋದೆ. ಮೇಡಂ ಕತ್ತು ಹಿಡೀಬೇಕು ಅಂತಾನೇ ಹೋದೆ. ಬಾಗಿಲು ತಟ್ಟಲಿಲ್ಲ. ಒಳಗೆ ಚಶ್ಮಾನೂ ಇದ್ದ.

"ತಗೊಳ್ಳಕ್ಕಾಗದೇ ಬಿಟ್ಟಿದ್ದಕ್ಕೆ ನಿಮ್ಮ ಲೆಕ್ಕದಲ್ಲಿ ಎಷ್ಟು ಬೆಲೆ?" ಅಂದೆ.

ಮೇಡಂಗೆ ಮೊದಲು ಅರ್ಥ ಆಗ್ಲಿಲ್ಲ. ಅದಕ್ಕೆ ಕಾರ್ಡಿನ ಹಿಂದುಗಡೆ ಜಾಗ ಇದೆಯಲ್ಲ ಅಂದ್ರು. ಏನು ಬಿಟ್ರು, ಯಾಕೆ ಬಿಟ್ರು, ಅಂಗಡಿಯಲ್ಲಿ ಈಗ ಅದರ ಬೆಲೆ ಎಷ್ಟು ಅಂತ ಕೇಳಿ ಬರೀಬೇಕು, ಅದೇ ಈ ಕೆಲಸದ ಜೀವ ಅಂದ್ರು. ಹಿಂದುಗಡೆಯಾ? ನಾನು ಹಿಂದುಗಡೆ ತಿರುಗಿಸೇ ನೋಡಿರ್ಲಿಲ್ಲ. ಮೇಡಂ ಕಪಾಟಿನಿಂದ ಒಂದು ಕಟ್ಟು ತೆಗೆದು ಒಂದೊಂದೇ ತಿರುಗಿಸಿದ್ರು. ನಂದು ಖಾಲಿ. ಬೇರೆಯವರದ್ದೂ ಖಾಲಿ. ಇಡೀ ಕಟ್ಟು ಬೆಳ್ಳಗೆ.

ಮೇಡಂ ಕೈ ನಿಂತ್ಹೋಯ್ತು. ಚಶ್ಮಾ ಕಡೆ ತಿರುಗಿದ್ರು. ಅವನು ಕನ್ನಡಕ ತೆಗೆದು ಒರೆಸಕ್ಕೆ ಶುರು ಮಾಡಿದ. ಕೆಂಪು ಬರ್ತಿತ್ತು ಮೇಡಂ, ಮುಂದಕ್ಕೆ ಬಿಡ್ತಿರ್ಲಿಲ್ಲ ಅಂದ. ಅದಕ್ಕೆ ಅದೇ ಅಂತ ಹೊಡೆಯಕ್ಕೆ ಹೇಳಿದೆ. ಎಲ್ಲರಿಗೂ.

ಆಗ ನನಗೂ ತಲೆಗೆ ಹೋಯ್ತು. ಮೇಲಿನ ಮನೆಯವರು ಎಲ್ಲಾನೂ ಕೊಂಡ್ರು, ಹಾಗಾಗಿ ಏರಿದ್ದೆಲ್ಲ ಕಾರ್ಡಿಗೆ ಬಂತು. ಕೆಳಗಿನೋರು ಏರಿದ ಕೂಡಲೇ ಬಿಟ್ಟುಬಿಟ್ರು. ಬಿಟ್ಟಿದ್ದಕ್ಕೆಲ್ಲ ಹಳೇ ಬೆಲೆ. ಹಾಲು ಕುಡಿಯದ ಮಗುವಿಗೆ ಹಾಲು ಏರೇ ಇಲ್ಲ. ಹೆಚ್ಚು ಬಿಟ್ಟಷ್ಟೂ ಏರಿಕೆ ಕಮ್ಮಿ. ಎಲ್ಲಾನೂ ಬಿಟ್ಟು ಸತ್ತೇ ಹೋಗಿದ್ರೆ ಸೊನ್ನೆ ಬಂದಿರೋದು, ಪೇಪರಲ್ಲಿ ಹೊಗಳಿರೋರು.

ಮೇಡಂ ಕುರ್ಚಿ ಎಳ್ಕೊಂಡು ಕೂತ್ರು. ಹಸಿರು ಕಂಡು ನಾನು ಖುಷಿ ಪಟ್ಟೆ ಅಂದ್ರು, ನನಗಲ್ಲ, ಗೋಡೆಗೆ. ಆಮೇಲೆ ಕೆಳಗಿನ ಕಾರ್ಡು ಒಂದನ್ನ ಎತ್ತಿ ಹಿಡಿದ್ರು.

"ಇದು ಪೂರ್ತಿ ಅದೇ ಇದೆ. ಮಾತ್ರೆ ಕೂಡ. ಈ ಮನೆಯವರನ್ನ ಒಂದ್ಸಲನಾದ್ರೂ ಕೇಳಿದ್ಯಾ?"

"ಅದು ನಮ್ಮನೆ," ಅಂದೆ.

"ಕೇಳಿದ್ಯಾ?"

ಬೈಯಕ್ಕೆ ಅಂತ ಹೋಗಿದ್ದೆ. ಆ ಕಾರ್ಡು ತಗೊಂಡು ಮೇಜಿನ ಮೇಲೆ ಮಗುಚಿಟ್ಟು ಆಚೆ ಬಂದೆ.

ಜೂನ್ ೨೧, ಶನಿವಾರ

ಮೇಡಂ ಲೆಕ್ಕ ವಾಪಸ್ ತಗೊಂಡ್ರು. ತಪ್ಪಾಗಿದೆ, ಮತ್ತೆ ಕೇಳ್ಬೇಕು ಅಂತ ಪೇಪರ್‌ಗೂ ಕೊಟ್ರು. ಅದು ಯಾವ ಮೂಲೇಲಿ ಬಂತು ಅಂದ್ರೆ, ಹುಡುಕಕ್ಕೆ ಚಶ್ಮಾನ ಕನ್ನಡಕ ಬೇಕಾಯ್ತು. ನನ್ನನ್ನ ತೆಗೆದು ಹಾಕ್ತಾರೆ ಅಂದ್ಕೊಂಡಿದ್ದೆ. ಮತ್ತೆ ಹೋಗು, ಹಿಂದುಗಡೆಯಿಂದ ಶುರು ಮಾಡು ಅಂದ್ರು.

ಲಾಂಡ್ರಿಯವರು ಒಳ್ಳೇ ಆಟ ಆಡಿದ್ರು. ಲೆಕ್ಕ ವಾಪಸ್ ಹೋದ್ಮೇಲೆ ಜುಲೈಗೆ ಆ ಎರಡೂ ಇಲ್ಲ, ಹೊಸ ಲೆಕ್ಕ ಬರೋ ತನಕ ಕಾಯಿರಿ ಅಂದ್ರು. ಅಮ್ಮನ ಜೊತೆಯೋರು ಆಸ್ಪತ್ರೆಗೆ ಬಂದಾಗ ನನ್ನ ಮುಖ ನೋಡಲಿಲ್ಲ. ಇಸ್ತ್ರಿ ಅಕ್ಕ ಅಂತ ಒಬ್ಬಳಿದಾಳೆ, ಬಾಯಿ ಅಂದ್ರೆ ಬಾಯಿ. ಇದ್ದ ಎರಡನ್ನೂ ನುಂಗಿದ್ಯಲ್ಲೇ, ನೀರು ಬೇಕಾ ಅಂದ್ಲು. ಬೇರೆ ದಿನ ಆಗಿದ್ರೆ ಜುಟ್ಟು ಹಿಡೀತಿದ್ದೆ. ಅಮ್ಮನ ಹೊದಿಕೆ ಸರಿ ಮಾಡಿದೆ.

ದರ್ಜಿ ಅಕ್ಕನ ಮನೆಗೆ ಹೋದೆ. ಏನೇನು ತಗೊಂಡೆ ಅಂತ ಕೇಳಲಿಲ್ಲ. ಏನೇನು ಬಿಟ್ಟೆ ಅಂದೆ. ಮಷಿನ್ ಚಕ್ರದ ಮೇಲೆ ಕೈ ಇಟ್ಟು ನಿಲ್ಲಿಸಿದ್ಲು. ಬಾಗಿಲು ಹಾಕು ಅಂದ್ಲು. ಆಮೇಲೆ ಹೇಳಿದ್ಲು ಹೇಳಿದ್ಲು, ಹಿಂದುಗಡೆ ಜಾಗ ಸಾಲದೇ ಅಂಚಲ್ಲೆಲ್ಲ ಬರೆದೆ. ಹಾಲು, ಹಣ್ಣು, ಕೆಮ್ಮಿನ ಔಷಧಿ, ದೀಪ. ಸಂಜೆ ಬಲ್ಬ್ ಹಾಕಲ್ಲ, ಅದಕ್ಕೇ ಕಿಟಕಿ ಹತ್ರ ಕೂರೋದು. ತವರಿಗೆ ಹೋಗೋದು ಬಿಟ್ಟಿದಾಳೆ, ಬಸ್ಸಿನ ಬೆಲೆಗೆ. ನನಗೆ ಹುಷಾರಿಲ್ಲ, ಬರಕ್ಕಾಗಲ್ಲ ಅಂತ ತಾಯಿ ಹತ್ರ ಸುಳ್ಳು ಹೇಳ್ತಾಳಂತೆ. ಇದನ್ನ ಬರೀಬೇಡ ಅಂದ್ಲು. ಆಮೇಲೆ, ಬರಿ ಅಂದ್ಲು.

ಪ್ರತಿ ಮನೆಯಲ್ಲೂ ಹೀಗೇ. ಬಾಗಿಲು ಹಾಕು ಅಂತಾರೆ, ಕಳ್ಳತನ ಮಾಡಿದೋರ ಹಾಗೆ.

ಜುಲೈ ೧೫, ಮಂಗಳವಾರ

ಅಮ್ಮನ್ನ ಮನೆಗೆ ಕರ್ಕೊಂಡು ಬಂದೆ. ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕ್ತಾಳೆ. ಮಾತು ನಿಧಾನ. ಒಂದೊಂದು ಪದಾನೂ ಎಲ್ಲಿಗೋ ಹೋಗಿ ತರ್ತಾಳೆ. ಮಾತ್ರೆ ನಾನೇ ಬಾಯಿಗೆ ಹಾಕ್ತೀನಿ, ನುಂಗೋ ತನಕ ನೋಡ್ತೀನಿ, ಬಾಯಿ ತೆಗೆಸ್ತೀನಿ. ಪೊಲೀಸ್ ಅಂತಾಳೆ ನನಗೆ. ಅದನ್ನ ಮಾತ್ರ ಬೇಗ ಹೇಳ್ತಾಳೆ.

ಮೊಟ್ಟೆ ದಿನಾ ಒಂದು, ಅವಳಿಗೆ. ನಿನಗೆ ಅಂತ ಕೈ ತೋರಿಸ್ತಾಳೆ. ನಾನು ಅಲ್ಲೇ ತಿಂದೆ ಅಂತೀನಿ. ಆಫೀಸಲ್ಲಿ ಕೊಡ್ತಾರೆ. ಹೇಗೂ ಈ ನಡುವೆ ಮೊಟ್ಟೆ ವಾಸನೆ ಹಿಡಿಸಲ್ಲ ನನಗೆ.

ನಡ್ಕೊಂಡೇ ಹೋಗ್ತೀನಿ, ಬಸ್ಸಲ್ಲಿ ಬರೀ ನೂಕುನುಗ್ಗಲು. ಶೂ ತಳ ಕಿತ್ತಿದೆ, ರಟ್ಟು ಇಟ್ಟಿದೀನಿ. ನಡೀತದೆ.

ಆಗಸ್ಟ್ ೨, ಶನಿವಾರ

ಹೊಸ ಲೆಕ್ಕ ನಿನ್ನೆ ಬಂತು. ಮೇಲು ಏಳು, ನಡು ಎಂಟು. ಕೆಳಗಿನ ಮನೆಗಳಿಗೆ ಹನ್ನೊಂದು. ಮೇಡಂ ಬೋರ್ಡ್ ಮೇಲೆ ಬರೆದ್ರು. ಲಾಂಡ್ರಿಯವರು ಒಪ್ಪಂದದ ಪ್ರಕಾರ ಒಪ್ಕೊಂಡ್ರು, ಈ ತಿಂಗಳಿಂದ ಹನ್ನೊಂದು ಜಾಸ್ತಿ. ಇಸ್ತ್ರಿ ಅಕ್ಕ ದಾರೀಲಿ ಸಿಕ್ಕಿ ಕೆನ್ನೆ ಚಿವುಟಿದ್ಲು, ಚರ್ಮ ಕಿತ್ತು ಬರೋ ಹಾಗೆ.

ಅವಳೇ ಹೇಳಿದ್ದು, ಅಮ್ಮನ ಜಾಗಕ್ಕೆ ಬೇರೆ ಹೆಂಗಸನ್ನ ತಗೊಂಡಿದಾರೆ. ಎಡಗೈ ಹಿಡಿತ ಇಲ್ಲದೋಳು ಒದ್ದೆ ಬಟ್ಟೆ ಎತ್ತೋದು ಹೇಗೆ ಅಂತ.

ಅಂದ್ರೆ ಹನ್ನೊಂದು ಬಂತು, ಅಮ್ಮನಿಗಲ್ಲ. ಮೈಯೆಲ್ಲ ಉರಿದು ಮನೆಗೆ ಬಂದೆ. ಲಾಂಡ್ರಿ ಬಾಗಿಲಲ್ಲಿ ಕೂತ್ಕೊತೀನಿ, ಕಲ್ಲು ಹೊಡೀತೀನಿ ಅಂತ ಕೂಗಾಡಿದೆ. ಅಮ್ಮ ಕೋಲಿಂದ ಕುರ್ಚಿ ತೋರಿಸಿ ಕೂರು ಅಂದ್ಲು. ಬಲಗಡೆ ಬಾಯಿ ನಕ್ತು.

"ಅವಳಿಗೂ... ಏನಾದ್ರೂ... ಬಿಟ್ಟಿರೋದು ಇರುತ್ತೆ. ತಗೊಳ್ಲಿ."

ಏನು ಹೆಂಗಸೋ ಇವಳು.

ಇವತ್ತು ಚಶ್ಮಾ ಬಂದಿದ್ದ. ನಮ್ಮ ಕಾರ್ಡು ಇನ್ನೂ ನಡೀತಿದೆ, ಆದ್ರೆ ಸ್ವಂತ ಮನೇನ ನಾನು ಕೇಳೋ ಹಾಗಿಲ್ಲ. ಮೇಡಂ ಮಾಡಿದ ಹೊಸ ನಿಯಮ, ನನ್ನಿಂದಾನೇ. ಅವನು ಅಮ್ಮನ ಮುಂದೆ ಕೂತು ಒಂದೊಂದಾಗಿ ಕೇಳಿದ. ನಾನು ಒಲೆ ಹತ್ರ ಮೊಟ್ಟೆ ಬೇಯಿಸ್ತಿದ್ದೆ. ಮಾತ್ರೆ? ಪೂರ್ತಿ ಹಾಳೆ, ಅಂದ್ಲು ಅಮ್ಮ. ಹೆಮ್ಮೆಯಿಂದ. ಮೊಟ್ಟೆ? ದಿನಕ್ಕೊಂದು. ಮುಂದುಗಡೆ ಮುಗೀತು. ಕಾರ್ಡು ತಿರುಗಿಸಿದ.

ಏನಾದ್ರೂ ತಗೊಳ್ಳದೇ ಬಿಟ್ಟಿದೀರಾ ಅಂತ ಕೇಳಿದ. ನಾನು ತಿರುಗದೇ ಹೇಳಿದೆ, ಏನೂ ಇಲ್ಲ, ಖಾಲಿ ಬಿಡು.

ಅಮ್ಮ ಬಲಗೈ ಚಾಚಿ ಅವನ ಪೆನ್ನು ಹಿಡ್ಕೊಂಡ್ಲು.

"ಬರಿ," ಅಂದ್ಲು. "ಮೊಟ್ಟೆ. ಇವಳದ್ದು." ಉಸಿರು ತಗೊಂಡ್ಲು. "ಬಸ್ಸು. ಇವಳದ್ದು."

ಅಮ್ಮ, ನಾನು ಅಲ್ಲೇ ತಿಂತೀನಿ, ಆಫೀಸಲ್ಲಿ ಕೊಡ್ತಾರೆ ಅಂತ ಎಷ್ಟು ಸಲ ಹೇಳ್ಬೇಕು ಅಂದೆ. ಚಶ್ಮಾ ತಲೆ ಎತ್ತಿ ನನ್ನ ನೋಡಿದ. ಅವನೂ ಅದೇ ಆಫೀಸಲ್ಲೇ ಇರೋನು. ಬರೆದ. ಎರಡು ಸಾಲು, ನೀಟಾಗಿ. ಅವನ ಕೈ ಮುರೀಬೇಕು. ನಾನೇನೂ ಬಿಟ್ಟಿಲ್ಲ, ನನಗೆ ಹಸಿವಾಗಲ್ಲ, ಅಷ್ಟೇ. ಎರಡೂ ಒಂದೇನಾ?

ಅವನು ಹೋದ. ಅಮ್ಮ ಚಮಚದಲ್ಲಿ ಮೊಟ್ಟೆನ ಎರಡು ತುಂಡು ಮಾಡಿದ್ಲು. ಒಂದನ್ನ ತಿಂದ್ಲು. ಇನ್ನೊಂದು ಇರೋ ತಟ್ಟೇನ ನನ್ನ ಕಡೆ ತಳ್ತಿದಾಳೆ, ಬಲಗೈಲಿ ಅಲ್ಲ, ಎಡಗೈಲಿ. ಬೆರಳು ಮಡಚಿದ ಹಾಗೇ ಇದೆ, ಮುಂಗೈಯಿಂದ ಒತ್ತಿ ಒತ್ತಿ ತಳ್ತಿದಾಳೆ. ತಟ್ಟೆ ಮೇಜಿನ ಅರ್ಧಕ್ಕೆ ಬಂದಿದೆ. ನಾನು ನೋಡದೋಳ ಹಾಗೆ ಬರೀತಾ ಕೂತಿದೀನಿ.

ಅವಳು ನಿಲ್ಲಿಸ್ತಾ ಇಲ್ಲ. ಪೆನ್ನು ಇಡ್ತೀನಿ.